ಮರಣಶಯ್ಯೆಯ ಬಳಿಯಲ್ಲಿ ಎಚ್ಚರವಾಗಿರುವದು

(ಓದತಕ್ಕ ವೇದಭಾಗ: ಮತ್ತಾಯ 26:36–46)



ನಮ್ಮ ಕರ್ತನಾದ ಯೇಸು ಸ್ವಾಮಿಯು ತಾನು ಹಿಡಿಯಲ್ಪಟ್ಟ ರಾತ್ರಿಯಲ್ಲಿ ಗೆತ್ಸೇಮನೆ ಎಂಬ ತೋಟಕ್ಕೆ ಹೋದ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ಆತನು ಪೇತ್ರನನ್ನೂ ಯಾಕೋಬ ಯೋಹಾನರನ್ನೂ ಹತ್ತಿರಕ್ಕೆ ಕರೆದು, ತನ್ನ ಮನಸ್ಸಿನ ಮಹಾ ವ್ಯಥೆಯನ್ನು ಮರೆಮಾಡದೆ ತಿಳಿಸಿ, ತನ್ನ ಸಂಗಡ ಎಚ್ಚರವಾಗಿರಬೇಕೆಂದು ಕೇಳಿಕೊಂಡನು. ಆತನು ಕೇಳಿದ್ದು ಎಷ್ಟು ಅಲ್ಪವೆಂಬದನ್ನು ಗಮನಿಸಿರಿ. ಆ ಪಾತ್ರೆಯನ್ನು ತೊಲಗಿಸಿರೆಂದು ಶಿಷ್ಯರನ್ನು ಬೇಡಲಿಲ್ಲ. ಅದು ಅವರಿಂದ ಆಗತಕ್ಕದ್ದಲ್ಲವೆಂದು ಆತನಿಗೆ ತಿಳಿದಿತ್ತು. ಸಂಗಡ ಇರುವದನ್ನು ಮಾತ್ರವೇ ಬೇಡಿದನು. ಆದರೆ ಮೂರು ಸಾರಿ ಬಂದು ನೋಡಿದಾಗಲೂ ಅವರು ನಿದ್ರೆಮಾಡುತ್ತಿದ್ದರು. ಅವರು ದುಷ್ಟರೂ ಅಲ್ಲ, ಪ್ರೀತಿಯಿಲ್ಲದವರೂ ಅಲ್ಲ; ದುಃಖದಿಂದಲೇ ನಿದ್ರೆಹೋದರೆಂದು ಲೂಕನು ಬರೆಯುತ್ತಾನೆ. ಕಣ್ಣಿನಿಂದ ನೋಡಲಾರದ ಸಂಕಟದ ಮುಂದೆ ಕಣ್ಣು ಮುಚ್ಚಿಕೊಳ್ಳುವದು ಮನುಷ್ಯಸ್ವಭಾವವಾಗಿದೆ.

ಇದೇ ನಿದ್ರೆಯು ನಮ್ಮ ಸಭೆಗಳಲ್ಲಿಯೂ ಉಂಟು. ಹೊಲವನ್ನು ಅಡವಿಟ್ಟು ಚಿಕಿತ್ಸೆ ಮಾಡಿಸಿದ ಕುಟುಂಬಕ್ಕೆ, ಇನ್ನು ಮಾಡತಕ್ಕದ್ದೇನೂ ಇಲ್ಲ, ಮನೆಗೆ ಕರಕೊಂಡು ಹೋಗಿರಿ ಎಂದು ಪಟ್ಟಣದ ವೈದ್ಯರು ಹೇಳಿಕಳುಹಿಸುತ್ತಾರೆ. ಮೊದಲನೆಯ ವಾರದಲ್ಲಿ ನೆರೆಹೊರೆಯವರು ಗುಂಪಾಗಿ ಬರುತ್ತಾರೆ. ಎರಡನೆಯ ವಾರದಲ್ಲಿ ಇಬ್ಬರು ಮೂವರು. ಆಮೇಲೆ ಯಾರೂ ಇಲ್ಲ. ಸತ್ತ ಸುದ್ದಿ ಬಂದ ದಿವಸ ಪುನಃ ಎಲ್ಲರೂ ಕೂಡಿಬರುತ್ತಾರೆ. ಸಮಾಧಿಯ ಬಳಿಯಲ್ಲಿ ನಿಂತು ಹಾಡುವದಕ್ಕೆ ನೂರು ಮಂದಿ. ಮಂಚದ ಬಳಿಯಲ್ಲಿ ಕೂತುಕೊಳ್ಳುವದಕ್ಕೆ ಒಬ್ಬಳೇ ಸೊಸೆ!

ಈ ತಪ್ಪು ನಮ್ಮದೂ ಆಗಿದೆ ಎಂದು ನಾವು ನಾಚಿಕೆಯಿಂದ ಅರಿಕೆಮಾಡುತ್ತೇವೆ. ಒಂದು ಗ್ರಾಮದಲ್ಲಿ ಸಭೆಯ ಹಿರಿಯರೊಬ್ಬರು ಬಾಯಿಯ ಕ್ಯಾನ್ಸರ್ ರೋಗದಿಂದ ಮಲಗಿದ್ದರು. ಗಾಯದ ವಾಸನೆಯು ಪಡಸಾಲೆಯ ವರೆಗೂ ಬರುತ್ತಿತ್ತು. ನಾವು ಕೋಣೆಯ ಬಾಗಲಲ್ಲಿಯೇ ನಿಂತು, ದೊಡ್ಡ ಸ್ವರದಿಂದ ಪ್ರಾರ್ಥಿಸಿ, ಸ್ವಸ್ಥತೆಯನ್ನು ಬೇಡಿ, ಬೇಗನೆ ಹೊರಟೆವು. ಅವರ ಹೆಂಡತಿಯಾದ ಆ ತಾಯಿಯವರು ಅಂಗಳದ ತನಕ ಹಿಂದೆ ಬಂದು, “ಅಯ್ಯನವರೇ, ಪ್ರಾರ್ಥನೆಯಲ್ಲಿ ಎಲ್ಲವನ್ನೂ ಹೇಳಿದಿರಿ. ಆದರೆ ಅವರ ಕೈಯನ್ನು ಹಿಡಿಯಲಿಲ್ಲವಲ್ಲಾ. ಎಂಟು ದಿವಸದಿಂದ ನನ್ನ ಹೊರತು ಅವರನ್ನು ಯಾರೂ ಮುಟ್ಟಲಿಲ್ಲ” ಅಂದರು. ನಾವು ಹಿಂದಿರುಗಿ ಒಳಗೆ ಹೋಗಿ ಅವರ ಕೈ ಹಿಡಿದು ಕೂತೆವು. ಆ ಹಿರಿಯರು ಮಾತಾಡಲಾರದೆ ಕಣ್ಣೀರು ಸುರಿಸಿದರು. ಅಂಥ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಹಚ್ಚಿದರೆ ವಾಸನೆಯು ಬಹಳ ಮಟ್ಟಿಗೆ ಅಡಗುತ್ತದೆಂದೂ, ರಾತ್ರಿಯ ನೋವಿಗೆ ಔಷಧವಿದೆಯೆಂದೂ ನಮಗೆ ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲ, ತಿಳಿದವರನ್ನು ವಿಚಾರಿಸಲೂ ಇಲ್ಲ.

ಪ್ರಿಯರೇ, ಕರ್ತನು ತೋಟದಲ್ಲಿ ಬೇಡಿದ ಆ ಮಾತನ್ನೇ ಅಸ್ತಿವಾರದ ಕಲ್ಲಾಗಿ ಇಟ್ಟು ಒಂದು ಮನೆಯನ್ನು ಕಟ್ಟಿದ ಸ್ತ್ರೀಯೊಬ್ಬರ ಚರಿತ್ರೆಯನ್ನು ಕೇಳಿರಿ. ಇಂಗ್ಲೆಂಡ್ ದೇಶದ ಸಿಸಿಲಿ ಸಾಂಡರ್ಸ್ ಎಂಬವರು (1918–2005) ಮೊದಲು ದಾದಿಯಾಗಿಯೂ ತರುವಾಯ ರೋಗಿಗಳ ಕುಟುಂಬಗಳಿಗೆ ಸಹಾಯಮಾಡುವ ಆಸ್ಪತ್ರೆಯ ಸೇವಕಿಯಾಗಿಯೂ ಕೆಲಸಮಾಡಿದರು. 1948ರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡ್ ದೇಶದ ಯೆಹೂದ್ಯನು ಪರದೇಶಿಯಾಗಿ ಲಂಡನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದಾಗ, ಅವರು ಅವನ ಬಳಿಯಲ್ಲಿ ಕೂತು ಅವನ ಮಾತುಗಳನ್ನು ಕೇಳಿದರು. ಅವನು ತನ್ನಲ್ಲಿದ್ದ ಐದು ನೂರು ಪೌಂಡುಗಳನ್ನು ಅವರಿಗೆ ಬಿಟ್ಟು, ಅವರು ಮುಂದೆ ಕಟ್ಟುವ ಮನೆಯಲ್ಲಿ ತಾನು ಒಂದು ಕಿಟಕಿಯಾಗಿರುವೆನೆಂದು ಹೇಳಿಹೋದನು. ಆ ಕಿಟಕಿಯ ಸುತ್ತಲೂ ಮನೆಯನ್ನು ಕಟ್ಟುವದಕ್ಕೆ ಹತ್ತೊಂಭತ್ತು ವರುಷಗಳು ಹಿಡಿದವು. ಅಷ್ಟರಲ್ಲಿ ಅವರು ವೈದ್ಯವಿದ್ಯೆಯನ್ನೂ ಕಲಿತು, 1957ರಲ್ಲಿ ವೈದ್ಯರಾದರು. 1967ರಲ್ಲಿ ಲಂಡನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹಾಸ್ಪಿಸ್ ತೆರೆಯಲ್ಪಟ್ಟಿತು. ಪೂರ್ವದಲ್ಲಿ ಈ ಹಾಸ್ಪಿಸ್ ಎಂಬ ಹೆಸರು ದಾರಿಗರು ಇಳುಕೊಳ್ಳುವ ಛತ್ರಕ್ಕೆ ಸಲ್ಲುತ್ತಿತ್ತು. ದೂರಪ್ರಯಾಣದ ಕೊನೆಯ ಇಳುದಾಣವೆಂದು ಅದರ ಭಾವವು.

ಸಾಯುವವನ ನೋವು ದೇಹದ್ದು ಮಾತ್ರವಲ್ಲವೆಂದು ಆ ತಾಯಿಯವರು ಕಲಿಸಿದರು. ದೇಹದ ನೋವು ಒಂದು. ಮನಸ್ಸಿನ ಭಯ ಮತ್ತೊಂದು. ಹೆಂಡತಿಮಕ್ಕಳ ಗತಿಯೇನು, ಸಾಲ ತೀರಿಸುವವರು ಯಾರು ಎಂಬ ಚಿಂತೆ ಇನ್ನೊಂದು. ದೇವರು ನನ್ನನ್ನು ಕೈಬಿಟ್ಟನೋ ಎಂಬ ಆತ್ಮದ ವೇದನೆ ನಾಲ್ಕನೆಯದು. ಇವುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಗುಣಪಡಿಸಲಾಗದು. ಆದಕಾರಣ ವೈದ್ಯನೂ ದಾದಿಯೂ ಬೋಧಕನೂ ನೆರೆಯವನೂ ಕೂಡಿ ಬರಬೇಕು. ಮನೆಯವರನ್ನೂ ರೋಗಿಯ ಸಂಗಡಲೇ ಆದರಿಸಬೇಕು.

ನೋವು ದೇವರು ಕಳುಹಿಸಿದ್ದು, ಔಷಧದಿಂದ ಅದನ್ನು ತಡೆಯುವದು ಅವಿಶ್ವಾಸವೆಂದು ಕೆಲವರು ಹೇಳುತ್ತಾರೆ. ಕರ್ತನೇ ಶಿಲುಬೆಯ ಬಳಿಯಲ್ಲಿ ರಕ್ತಬೋಳ ಬೆರಸಿದ ದ್ರಾಕ್ಷಾರಸವನ್ನು ಬೇಡವೆಂದನಲ್ಲಾ ಎಂದು ಕೇಳುತ್ತಾರೆ. ಹೌದು, ಆತನು ಲೋಕದ ಪಾಪವನ್ನು ಹೊತ್ತುಕೊಳ್ಳುವದಕ್ಕಾಗಿ ತನಗೋಸ್ಕರ ಅದನ್ನು ಬೇಡವೆಂದನು. ಆದರೆ ನೆರೆಯವನ ಗಾಯದ ವಿಷಯದಲ್ಲಿ ಆತನು ಕಲಿಸಿದ್ದೇನು? ಕರುಣೆಯುಳ್ಳ ಸಮಾರ್ಯದವನು ಮೊದಲು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು, ಪ್ರಸಂಗ ಮಾಡಲಿಲ್ಲ. ಕಠಿಣವಾದ ನೋವಿಗೆ ಮಾರ್ಫಿನ್ ಎಂಬ ಔಷಧವನ್ನು ಬಾಯಿಯ ಮೂಲಕ, ನೋವು ಮರಳಿ ಬರುವ ತನಕ ಕಾಯದೆ, ಗಡಿಯಾರದ ಪ್ರಕಾರ ಕೊಡಬೇಕೆಂದು ಲೋಕಾರೋಗ್ಯ ಸಂಸ್ಥೆಯು 1986ರಲ್ಲಿಯೇ ತಿಳಿಸಿತು. ಬಲ್ಲ ವೈದ್ಯರು ನೋವಿನ ಅಳತೆಗೆ ತಕ್ಕಂತೆ ಕೊಟ್ಟರೆ ಅದು ಮರಣವನ್ನು ಬೇಗ ತರುವದಿಲ್ಲ. ನಮ್ಮ ದೇಶದಲ್ಲಿ 1985ರ ಕಾಯಿದೆಯಿಂದ ಈ ಔಷಧವು ದೊರೆಯುವದು ಬಹು ಕಷ್ಟವಾಗಿತ್ತು. 2014ರ ತಿದ್ದುಪಡಿಯು ಆ ಕಟ್ಟನ್ನು ಸಡಿಲಿಸಿತು. ಹಣ ತಕ್ಕೊಂಡು ಸ್ವಸ್ಥತೆಯ ಮಾತು ಕೊಟ್ಟು, ವಾಸಿಯಾಗದಿದ್ದರೆ ರೋಗಿಯ ವಿಶ್ವಾಸವೇ ಸಾಲದೆಂದು ದೂರುವವರಿಗೆ ಕಿವಿಗೊಡಬೇಡಿರಿ.

ನಮ್ಮ ನಾಡಿನಲ್ಲಿಯೂ ದೇವರು ಈ ಸೇವೆಗೆ ಜನರನ್ನು ಎಬ್ಬಿಸಿದ್ದಾನೆ. ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಆವೇದನಾ ಎಂಬ ಆಶ್ರಮವು ತೆರೆಯಲ್ಪಟ್ಟಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಕೆಲಸದಿಂದ ಕೇರಳದ ಊರೂರುಗಳಲ್ಲಿ ನೆರೆಯವರೇ ತರಬೇತಿ ಹೊಂದಿ, ದಾದಿಯರ ಸಂಗಡ ಮನೆಮನೆಗೆ ಹೋಗುವ ಪದ್ಧತಿಯು ಬೆಳೆಯಿತು. ಬೆಂಗಳೂರಿನಲ್ಲಿ ಕರುಣಾಶ್ರಯವು 1999ರಿಂದ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ಸೇರಿಸಿಕೊಂಡು ಆರೈಕೆ ಮಾಡುತ್ತಾ ಬಂದಿದೆ. ಆದರೂ ಹೆಚ್ಚಿನವರು ತಮ್ಮ ಮನೆಯಲ್ಲಿಯೇ, ತಮ್ಮವರ ನಡುವೆಯೇ ಕಣ್ಣು ಮುಚ್ಚಲು ಬಯಸುತ್ತಾರೆ. ಆದದರಿಂದ ಪ್ರತಿಯೊಂದು ಗ್ರಾಮಸಭೆಯು ಒಂದು ಛತ್ರವಾಗಬೇಕು.

ಇದಕ್ಕೆ ಬಹಳ ಹಣವು ಬೇಡ. ಮೊದಲನೆಯದಾಗಿ, ಜಿಲ್ಲಾಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆಯು ದೊರೆಯುವದೋ ಎಂದು ಸಭೆಯ ಹಿರಿಯರು ವಿಚಾರಿಸಿ ತಿಳುಕೊಳ್ಳಲಿ. ಎರಡನೆಯದಾಗಿ, ಸ್ತ್ರೀಸಮಾಜದವರೂ ಯೌವನಸ್ಥರೂ ಸರದಿಯಿಂದ ರಾತ್ರಿ ಕಾಯಲಿ. ಎದ್ದು ಹೊರಳಲಾರದವನನ್ನು ಎರಡು ತಾಸುಗಳಿಗೊಮ್ಮೆ ಮಗ್ಗುಲು ತಿರುಗಿಸಿದರೆ ಹಾಸಿಗೆಹುಣ್ಣು ಬಾರದಂತೆ ಕಾಪಾಡಬಹುದು. ಒಣಗಿದ ಬಾಯನ್ನು ಒದ್ದೆ ಬಟ್ಟೆಯಿಂದ ಒರಸಿರಿ. ಕೊನೆಯ ದಿನಗಳಲ್ಲಿ ಅನ್ನವನ್ನು ಒತ್ತಾಯದಿಂದ ತುರುಕಬೇಡಿರಿ. ಮೂರನೆಯದಾಗಿ, ಆರೈಕೆ ಮಾಡುವವಳನ್ನು ಆರೈಕೆ ಮಾಡಿರಿ. ಒಂದು ರಾತ್ರಿ ಅವಳು ನಿದ್ರೆಮಾಡುವಂತೆ ನೀವು ಎಚ್ಚರವಾಗಿರಿ. ಅವಳ ದನಕ್ಕೆ ಮೇವು ಹಾಕಿರಿ, ಮಕ್ಕಳನ್ನು ಶಾಲೆಗೆ ಕಳುಹಿಸಿರಿ. ಸಮಾಧಿಯಾದ ಮೇಲೆಯೂ ಆ ಮನೆಗೆ ಹೋಗುವದನ್ನು ಬಿಡಬೇಡಿರಿ. ನಾಲ್ಕನೆಯದಾಗಿ, ರೋಗಿಯು ತನ್ನ ಸ್ಥಿತಿಯನ್ನು ಕೇಳಿದರೆ ಸುಳ್ಳು ಹೇಳಿ ಅವನನ್ನು ಒಂಟಿಯಾಗಿ ಬಿಡಬೇಡಿರಿ. ತೋಟದಲ್ಲಿ ಕರ್ತನೇ ತನ್ನ ದುಃಖವನ್ನು ಬಾಯಿಬಿಟ್ಟು ಹೇಳಿಕೊಂಡನಲ್ಲವೇ? ಮೆಲ್ಲಗೆ, ಅವನು ತಾಳುವಷ್ಟು, ಸತ್ಯವನ್ನು ಹೇಳಿ ಅವನ ಕೈ ಹಿಡಿದುಕೊಂಡಿರಿ.

ಅಂದು ಶಿಷ್ಯರು ನಿದ್ರೆಹೋದರು. ಆದರೂ ಕರ್ತನು ಅವರನ್ನು ತಳ್ಳಿಬಿಡಲಿಲ್ಲ. ಏಳಿರಿ, ಹೋಗೋಣವೆಂದು ತನ್ನ ಸಂಗಡಲೇ ಕರೆದನು. ನಿದ್ರೆಹೋದ ನಮ್ಮನ್ನೂ ಆತನು ಈ ಹೊತ್ತು ಎಬ್ಬಿಸುತ್ತಾನೆ. ರೋಗಿಗಳನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದರೆಂದು ಆತನು ಕಡೇ ದಿನದಲ್ಲಿ ಹೇಳುವನಲ್ಲಾ. ಹಾಗಾದರೆ ನಿಮ್ಮ ಊರಿನಲ್ಲಿ ಯಾವ ಮನೆಯಲ್ಲಿ ದೀಪವು ರಾತ್ರಿಯೆಲ್ಲಾ ಉರಿಯುತ್ತದೋ, ಅಲ್ಲಿ ಆತನು ನಿಮ್ಮನ್ನು ಕಾದುಕೊಂಡಿದ್ದಾನೆ. ಈ ರಾತ್ರಿಯೇ ಹೋಗಿರಿ.

ಸಂಕಟದಲ್ಲಿರುವವರ ಸಂಗಡ ಎಚ್ಚರವಾಗಿರುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.