ಇಂದಿನ ಧಮ್ಮ ಚಿಂತನೆ: ಸವೆದ ನಾಣ್ಯ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಧಮ್ಮ ಬಂಧುಗಳೇ,

ನಮ್ಮ ಬನವಾಸಿಯಂತೆ ಚಿತ್ರದುರ್ಗದ ಚಂದ್ರವಳ್ಳಿಯೂ ಸಾತವಾಹನರ ಕಾಲದ ಊರು. 1947ರ ಉತ್ಖನನದಲ್ಲಿ ಅಲ್ಲಿ ರೋಮನ್ ದೊರೆ ತಿಬೇರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಅಂಥ ನಾಣ್ಯ ಸವೆದು ದೊರೆಯ ಮುಖವೇ ಮಾಸಿದರೆ ಬೆಲೆ ಕಟ್ಟುವುದು ಹೇಗೆ?

ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ನಾಣ್ಯಗಳನ್ನು ಮೂವರ ಮುಂದಿಡುತ್ತಾರೆ. ಮಗುವಿಗೆ ಚಿತ್ತಾರ ಕಾಣುತ್ತದೆ. ಹಳ್ಳಿಗನಿಗೆ ಅದು ಹಣವೆಂದೂ ಗೊತ್ತು. ಚಿನಿವಾರನೋ ನೋಡಿ, ಸದ್ದು ಕೇಳಿ, ಮೂಸಿ, ರುಚಿ ನೋಡಿ, ಕೈಯಲ್ಲಿ ತೂಗಿ ಅಸಲಿ ನಕಲಿ ಹೇಳಬಲ್ಲ. ಆ ಬಲ್ಲತನವೇ ಪಞ್ಞಾ. ಮುಖ ಮಾಸಿದರೂ ಬೆಳ್ಳಿ ಅವನ ಕೈಗೆ ತಿಳಿಯುತ್ತದೆ.

‘ಯಾವ ಕೇರಿ?’ ಎಂದು ನಮ್ಮನ್ನು ಕೇಳುವವರು ಇನ್ನೂ ಚಿತ್ತಾರ ನೋಡುತ್ತಿದ್ದಾರೆ. ಅವರದಿರಲಿ. ನಾನು ಕೇಳುವುದು ನಮ್ಮ ಮನೆಯ ಮಾತು: ಮದುವೆಯ ಮಾತುಕತೆಯಲ್ಲಿ ‘ಯಾವ ಪಂಗಡ?’ ಎಂಬುದೇ ಮೊದಲು ಬಂದರೆ, ಆ ಮೂವರಲ್ಲಿ ನಾವು ಯಾರು? ಸಂಜೆ ವಂದನೆಯ ಬಳಿಕ ಮಾತಾಡೋಣ.