ನೀರು ಹೊತ್ತವರ ಮರ

ಮರ ಕಡಿಯುವುದು ಪಾಪ ಎಂದು ನಂಬಿಕೊಂಡೇ ಬೆಳೆದವಳು ನಾನು. ನಮ್ಮ ಬೀದಿಯ ಹೊಂಗೆ ಮರಕ್ಕೆ ಗರಗಸ ತಂದಾಗ ನೆರೆಹೊರೆಯವರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದೆ. ಹೀಗಿರುವಾಗ ಕಳೆದ ಬೇಸಗೆಯಲ್ಲಿ ತುಮಕೂರು ಕಡೆಯ ತವರಿಗೆ ಹೋದರೆ, ಹೊಲದ ಬದುವಿನ ಹೆಬ್ಬೇವುಗಳನ್ನು ಅಣ್ಣ ಮಾರಲು ಹೊರಟಿದ್ದ. ನನ್ನ ಕರುಳು ಚುರುಕ್ ಎಂದಿತು.

"ಎಂಟು ವರ್ಷ ಸಾಕಿದ ಮರ ಕಡಿಸೋಕೆ ಮನಸ್ಸಾದರೂ ಹೇಗೆ ಬರುತ್ತೆ ಅತ್ತಿಗೆ?" ಎಂದೆ.

ರಾಗಿ ಕೇರುತ್ತಿದ್ದ ಅತ್ತಿಗೆ ಮೊರ ನಿಲ್ಲಿಸಲಿಲ್ಲ. "ನಿಮ್ಮನೆ ಬೀರು ಯಾವುದರದ್ದಮ್ಮ?" ಎಂದು ಕೇಳಿದರು.

ಪ್ಲೈವುಡ್‌ನದು. ನಾನು ಸುಮ್ಮನಾದೆ. ಅದನ್ನು ದಿನವೂ ಒರೆಸುತ್ತೇನೆ; ಅದೂ ಯಾರದೋ ಹೊಲದ ಮರವಿದ್ದೀತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸಿ ಹಾಳೆಯಂತೆ ಸುಲಿದು, ಒಂದರ ಎಳೆ ಉದ್ದಕ್ಕೆ, ಮತ್ತೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿದರೆ ಪ್ಲೈವುಡ್. ಅದಕ್ಕೆ ಗಂಟಿಲ್ಲದ ನೇರ ಕಾಂಡ ಬೇಕು. ಎಳವೆಯಲ್ಲಿ ಪಕ್ಕದ ಚಿಗುರು ತೆಗೆಯುತ್ತ ಬಂದರೆ ಹೆಬ್ಬೇವು ಹಾಗೆ ಬೆಳೆದು ಆರೆಂಟು ವರ್ಷಕ್ಕೆ ಕಾರ್ಖಾನೆಗೆ ಒದಗುತ್ತದೆ. ರೈತರ ಬದುವಿನಲ್ಲೇ ಮರ ಸಿಕ್ಕರೆ ಕಾಡಿನ ಮೇಲೆ ಅಷ್ಟು ಕಣ್ಣು ಬೀಳುವುದಿಲ್ಲ. ಕೊಯ್ಯಲೆಂದೇ ಬಿತ್ತಿದ ರಾಗಿಯನ್ನು ಕೊಯ್ಯುವಾಗ ನಾವು ಪಾಪದ ಮಾತು ಆಡುತ್ತೇವೆಯೆ?

ಹಾಗೆಂದು ಕಾರ್ಖಾನೆಗೆ ಬೇಕು ಎಂಬುದೊಂದೇ ನ್ಯಾಯವಾಗದು. ಸಾಮಾಜಿಕ ಅರಣ್ಯದ ಕಾಲದಲ್ಲಿ ಬಯಲುಸೀಮೆಯ ರಾಗಿ ಹೊಲಗಳಿಗೆ ನೀಲಗಿರಿ ಬಂತು. ನೆಟ್ಟವರಿಗೆ ದುಡ್ಡು, ಕಾರ್ಖಾನೆಗೆ ಮರ ಸಿಕ್ಕಿತು. ಕಳೆ ಕೀಳಲು ಹೋಗುತ್ತಿದ್ದ ಹೆಂಗಸರ ಕೂಲಿ ಹೋಯಿತು, ದನದ ಮೇವೂ ಹೋಯಿತು. 1983ರಲ್ಲಿ ನಮ್ಮ ಜಿಲ್ಲೆಯಲ್ಲೇ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ಸರ್ಕಾರವೇ ನಿಷೇಧಿಸಿತು. ಅತ್ತಿಗೆಯ ಹೊಲದಲ್ಲಿ ಮರ ಬದುವಿನಲ್ಲಷ್ಟೇ ಇದೆ. ನಡುವೆ ಎಂದಿನಂತೆ ರಾಗಿ, ಅವರೆ.

ಆ ಗಿಡಗಳಿಗೆ ಮೊದಲ ಎರಡು ಬೇಸಗೆ ಕೊಡದಲ್ಲಿ ನೀರು ಹೊತ್ತವರು ಅತ್ತಿಗೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಗಳನ್ನು ಎಣಿಸಿ ಮೂರು ವರ್ಷ ಹಣ ಕೊಡುತ್ತಾರೆ. ನೆಟ್ಟದ್ದಕ್ಕಿಂತ ಉಳಿಸಿದ್ದಕ್ಕೆ ಬೆಲೆ ಎಂಬುದು ಸರಿಯಾದ ಲೆಕ್ಕವೇ. ಆದರೆ ಪಹಣಿ ಅಣ್ಣನ ಹೆಸರಿನಲ್ಲಿ, ಹಣ ಅವನ ಖಾತೆಗೆ. ವ್ಯಾಪಾರಿಯೂ ಅಣ್ಣನ ಜೊತೆ ನಿಂತು, ಕಣ್ಣಳತೆಯಲ್ಲೇ ಇಡೀ ಸಾಲಿಗೊಂದು ಬೆಲೆ ಹೇಳಿಹೋದ. ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಮರದ ಮೇಲೆ ಮರುಕಪಟ್ಟ ನಾನೂ ಕೇಳಲಿಲ್ಲ. ಕಡಿಯುವುದು ತಪ್ಪೇ ಎನ್ನುವ ಮೊದಲು, ಬೆಳೆಸಿದವರ ಕೈಗೆ ಏನು ಬಂತು ಎಂದು ನಾನು ಕೇಳಬೇಕಿತ್ತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ: "ಅಣ್ಣ, ಮರ ತೂಕ ಹಾಕಿಸಿ ಕೊಡು. ಬಂದದ್ದರಲ್ಲಿ ಅತ್ತಿಗೆಯ ಪಾಲು ಅವರ ಖಾತೆಗೆ ಹಾಕು." ಅಣ್ಣ ತಲೆ ಎತ್ತಲಿಲ್ಲ. ಅತ್ತಿಗೆ, "ಇನ್ನರ್ಧ ಮುದ್ದೆ ಹಾಕಲಾ?" ಎಂದರು.

ಮಳೆ ಬಿದ್ದ ಮೇಲೆ ಅತ್ತಿಗೆಯ ಫೋನು ಬಂತು. ಮರ ತೂಕಕ್ಕೇ ಹೋಯಿತಂತೆ. ಮಗಳ ನರ್ಸಿಂಗ್ ಫೀಸು ಕಟ್ಟಿದರಂತೆ. ಖಾತೆಯ ಮಾತು ಅವರು ಎತ್ತಲಿಲ್ಲ. ಬದುವಿಗೆ ಹೊಸ ಸಸಿ ಇಟ್ಟಾಗಿದೆ, ಜೊತೆಗೊಂದು ಹುಣಸೆ ಎಂದರು.

"ಹುಣಸೆ ಯಾಕೆ ಅತ್ತಿಗೆ?"

"ಅದನ್ನ ಯಾರೂ ಮಾರೋ ಹಾಗಿಲ್ಲ ಕಣಮ್ಮ. ಅದು ನಂದು."