ತೊಗಲಿನ ಋಣ

ಕ್ಷೌರದ ಕತ್ತಿಗೆ ಅಂಚನ್ನು ಕೊಡುವುದು ಕಲ್ಲು. ಆ ಅಂಚನ್ನು ದಿನದಿನವೂ ಕಾಯುವುದು ತೊಗಲು. ಬ್ಲೇಡನ್ನು ಕೊಂಡು, ಬಳಸಿ, ಬಿಸುಡುವ ಇಂದಿನ ತರುಣರಿಗೆ ಈ ಮಾತು ಹೊಸದಾಗಿ ಕೇಳಿಸಬಹುದು. ಮಠದ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದ ಹಿರಿಯರಿಗೆ ಹಾಗಲ್ಲ. ಮರದ ನೆರಳಿನಲ್ಲಿ ಹಡಪ ಬಿಚ್ಚಿ ಕುಳಿತ ಕ್ಷೌರಿಕರ ಮುಂದೆ ಸಾಲಾಗಿ ತಲೆಬಾಗಿಸಿ ಕುಳಿತವರು ಅವರು. ಕತ್ತಿಯನ್ನು ತೊಗಲ ಪಟ್ಟಿಯ ಮೇಲೆ ಅತ್ತಿತ್ತ ಎಳೆಯುವಾಗ ಏಳುತ್ತಿದ್ದ ಸದ್ದು ಅವರ ಕಿವಿಯಲ್ಲಿ ಇನ್ನೂ ಉಳಿದಿದ್ದೀತು. ಆ ಪಟ್ಟಿಯನ್ನು ಕುರಿತು ಬಹುಕಾಲದಿಂದ ನನ್ನ ಮನಸ್ಸನ್ನು ಕಾಡಿರುವ ಪ್ರಶ್ನೆಯೊಂದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಆ ಕೆಲಸದ ಬಗೆಯನ್ನು ತಿಳಿಯಬೇಕು. ಸಾಣೆಕಲ್ಲು ಉಕ್ಕನ್ನು ತಿನ್ನುತ್ತದೆ. ತಿಂದು ತಿಂದು ಅಂಚನ್ನು ತೆಳುವಾಗಿಸುತ್ತದೆ. ಕೊನೆಗೆ ಅಂಚಿನ ತುದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಲೋಹದ ಎಳೆಯೊಂದು ಒಂದು ಮಗ್ಗುಲಿಗೆ ಮಡಿಚಿಕೊಂಡು ಉಳಿಯುತ್ತದೆ. ತೊಗಲಿನ ಮೇಲೆ ಎಳೆದಾಗ ಆ ಎಳೆ ಕಳಚಿ ಬೀಳುತ್ತದೆ, ಬಾಗಿದ ಅಂಚು ನೆಟ್ಟಗಾಗುತ್ತದೆ, ಕಲ್ಲು ಬಿಟ್ಟ ಗೀರುಗಳು ನಯವಾಗುತ್ತವೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುವ ಕತ್ತಿ, ತೊಗಲಿನ ಮೇಲೆ ಬೆನ್ನು ಮುಂದಾಗಿಯೇ ಹೋಗತಕ್ಕದ್ದು. ಪಟ್ಟಿಯ ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ಮರಳಬೇಕು. ಮರೆತು ಬಾಯಿಯ ಮೇಲೆ ಹೊರಳಿಸಿದರೆ ತೊಗಲು ಸೀಳುತ್ತದೆ. ಪಟ್ಟಿ ಸಡಿಲವಾದರೂ ಕೈಭಾರ ಹೆಚ್ಚಾದರೂ ಅಂಚು ದುಂಡಾಗಿ ಮೊದಲಿಗಿಂತ ಕೆಡುತ್ತದೆ. ರಾಗಿ ಕೊಯ್ಯುವ ಕುಡುಗೋಲಿಗೆ ಈ ಉಪಚಾರ ಬೇಕಿಲ್ಲ. ಹುಲ್ಲನ್ನು ಹಿಡಿದು ಕೊಯ್ಯಲು ಕಲ್ಲು ಕೊಟ್ಟ ಒರಟು ಅಂಚೇ ಲೇಸು. ಅಡಿಗೆಮನೆಯ ಚಾಕುವಿಗಾದರೋ ಹಳೆಯ ಸೊಂಟಪಟ್ಟಿಯ ಒಳಮೈಯ ಮೇಲೆ ಆಗಾಗ್ಗೆ ಹತ್ತಿಪ್ಪತ್ತು ಎಳೆತ ಸಾಕು, ಕಲ್ಲಿನ ಹಂಗು ಬಹುದಿನ ಬೀಳದು. ಮೊಂಡು ಚಾಕುವೇ ಬೆರಳಿಗೆ ಹೆಚ್ಚು ಅಪಾಯ ಎಂಬುದನ್ನು ಗೃಹಿಣಿಯರು ಬಲ್ಲರು: ಅದು ಬಲ ಬೇಡುತ್ತದೆ, ಬಲ ಹಾಕಿದಾಗ ಜಾರುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಉಕ್ಕಿಗಿಂತ ಕೂದಲು ಸುಮಾರು ೫೦ ಪಟ್ಟು ಮೃದು. ಆದರೂ ಕೂದಲನ್ನು ಕತ್ತರಿಸಿ ಕತ್ತರಿಸಿಯೇ ಕತ್ತಿ ಮೊಂಡಾಗುತ್ತದೆ. ೨೦೨೦ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಪರೀಕ್ಷಿಸಿ, ಅಂಚು ಸಮವಾಗಿ ಸವೆಯುವುದಕ್ಕಿಂತ ಹೆಚ್ಚಾಗಿ ಚಿಕ್ಕ ಚಿಕ್ಕ ಚೂರುಗಳಾಗಿ ಮುರಿಯುತ್ತದೆ, ಕೂದಲು ಓರೆಯಾಗಿ ಬಾಗಿ ತಾಗುವ ಕಡೆಗಳಲ್ಲಿ ಹೀಗಾಗುತ್ತದೆ ಎಂದು ಕಂಡುಕೊಂಡರು. ಉಕ್ಕನ್ನು ಕೆಡಿಸುವುದೂ ಮೆದುವಾದ ಪದಾರ್ಥ, ಕಾಯುವುದೂ ಮೆದುವಾದ ಪದಾರ್ಥ. ಇದರಿಂದ ಮನಸ್ಸು, ಮಾತು, ಗುರೂಪದೇಶಗಳಿಗೆ ಹೋಲಿಕೆ ಹೊಂದಿಸುವುದು ಬಲು ಸುಲಭ. ಸುಲಭವಾದುದರಿಂದಲೇ ಅದನ್ನು ಬಿಡುತ್ತೇನೆ. ನನ್ನ ಪ್ರಶ್ನೆ ತೊಗಲನ್ನೇ ಕುರಿತದ್ದು.

ಹಸಿ ಚರ್ಮ ಎರಡು ದಿನದಲ್ಲಿ ಕೊಳೆಯುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಮಾಂಸದ ಪದರವನ್ನೂ ಹೆರೆದು, ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ರಸದಲ್ಲಿ ವಾರಗಟ್ಟಲೆ ಇಟ್ಟರೆ ಅದು ಕೊಳೆಯದ ತೊಗಲಾಗುತ್ತದೆ. ತೊಗಟೆಯಿಂದ ತೊಗಲು: ಕಿವಿಗೆ ಒಡಹುಟ್ಟಿದವರಂತೆ ಕೇಳಿಸುವ ಮಾತುಗಳು. ಈ ಕ್ರಿಯೆಗೆ ಕನ್ನಡಿಗರು ಇಟ್ಟ ಹೆಸರು ಹದ ಮಾಡುವುದು. ಮಣ್ಣಿಗೆ, ಪಾಕಕ್ಕೆ, ಮಾತಿಗೆ ನಾವು ಯಾವ ಶಬ್ದವನ್ನು ಗೌರವದಿಂದ ಬಳಸುತ್ತೇವೆಯೋ ಅದೇ ಶಬ್ದ. ಆದರೆ ಚರ್ಮವನ್ನು ಹದ ಮಾಡಿದವನ ಕೇರಿ ಮಾತ್ರ ಊರ ಹೊರಗೆ.

ನಮ್ಮ ಸೀಮೆಗೆ ಈ ವಿಷಯ ದೂರದ್ದಲ್ಲ. ಲಕ್ಷ್ಮಣತೀರ್ಥದ ದಡದ ಹುಣಸೂರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆಯ ಮುಖ್ಯ ನೆಲೆಯಾಗಿತ್ತು. ಅದೇ ಊರಿನಲ್ಲಿ ಸೇನೆಯ ಸಲುವಾಗಿ ಸರ್ಕಾರದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಕೋಠಿಗಳು ನಡೆದವು. ೧೮೬೪ರಲ್ಲಿ ಸರ್ಕಾರ ಅವುಗಳನ್ನು ಕೈಬಿಟ್ಟಿತು. ಆದರೂ ಅಲ್ಲಿ ಪಳಗಿದ ಕೈಗಳು ಬೂಟು, ಬೆನ್ನುಚೀಲ, ಹೇರಿನ ಜೀನುಗಳನ್ನು ಮಾಡುತ್ತ ಹುಣಸೂರಿನ ಹೆಸರನ್ನು ಬಹುಕಾಲ ಉಳಿಸಿದವು. ದನವನ್ನು ಸಾಕಿ ಬೆಳೆಸುವ ಕೀರ್ತಿಯನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ತೊಗಲಿನ ಕೀರ್ತಿಯನ್ನು ಹೇಳಿಕೊಳ್ಳುವವರು ಕಡಿಮೆ.

ಅಹಿಂಸೆಯನ್ನು ನಂಬಿದವನು ತೊಗಲನ್ನು ಮುಟ್ಟಬಹುದೆ? ಇದು ಮೊದಲ ಪ್ರಶ್ನೆ. ಮುಟ್ಟಲಾಗದು ಎಂಬವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಅವರಿಗೆ ದಾರಿಯೂ ಇದೆ. ದಪ್ಪ ಕ್ಯಾನ್ವಾಸು ಬಟ್ಟೆ, ಮಟ್ಟಸವಾದ ಮರದ ಹಲಗೆಗೆ ಬಳಿದ ನುಣ್ಣನೆಯ ಹಸಿರು ಸಾಣೆಪುಡಿ ಬಹಳ ಮಟ್ಟಿಗೆ ಅದೇ ಕೆಲಸ ಮಾಡುತ್ತವೆ. ತಾನಾಗಿ ಸತ್ತ ದನದ ಚರ್ಮಕ್ಕೆ ದೋಷವಿಲ್ಲ ಎಂಬವರ ವಾದದಲ್ಲೂ ಹುರುಳಿದೆ. ಹಳ್ಳಿಯ ತೊಗಲು ಬಹುಮಟ್ಟಿಗೆ ಅಂಥದೇ ಆಗಿತ್ತು. ಇಂದಿನ ಪೇಟೆಯ ತೊಗಲಿನ ವಿಷಯದಲ್ಲಿ ಆ ಸಮಾಧಾನ ಸಾಲದು. ಕ್ರೋಮಿಯಂ ಲವಣದಲ್ಲಿ ಹದಗೊಂಡ ಚರ್ಮದ ಹೊಲಸು ನೀರು ತಮಿಳುನಾಡಿನ ಪಾಲಾರ್ ನದಿಯ ಸೀಮೆಯನ್ನು ಕೆಡಿಸಿದ ಬಗ್ಗೆ ೧೯೯೬ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಹಿಂಸೆ ದನದ ಕೊರಳಿನಲ್ಲಿ ಮಾತ್ರವೇ ಇರುವುದಿಲ್ಲವಷ್ಟೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಹದ ಮಾಡಿದ ಕೈಯೊಡನೆ ನಮ್ಮ ಸಂಬಂಧವೇನು? ನಾನು ಕಂಡಂತೆ, ಮೊದಲ ಪ್ರಶ್ನೆಯನ್ನು ನಾವು ಅತಿ ಶ್ರದ್ಧೆಯಿಂದ ಚರ್ಚಿಸುವುದು ಎರಡನೆಯದರಿಂದ ನುಣುಚಿಕೊಳ್ಳುವುದಕ್ಕಾಗಿ. ಕಪಿಲೆಯ ತೊಗಲಚೀಲ ಎತ್ತಿ ಸುರಿದ ನೀರಿನಲ್ಲಿ ಬೆಳೆದ ಪೈರನ್ನು ಉಂಡೆವು. ತೊಗಲು ಬಿಗಿದ ವಾದ್ಯದ ನಾದಕ್ಕೆ ಭಜನೆ ಮಾಡಿದೆವು. ಮೈಲಿಗೆ ವಸ್ತುವಿನಲ್ಲಿದ್ದಿದ್ದರೆ ಇವೆಲ್ಲಕ್ಕೂ ತಗುಲಬೇಕಿತ್ತು. ಅದು ವಸ್ತುವನ್ನು ಬಿಟ್ಟು ಮನುಷ್ಯನನ್ನು ಹಿಡಿಯಿತು.

ಶರಣರ ಹೆಸರನ್ನು ಹೇಳುವ ನಮಗೆ ಇದು ಹೆಚ್ಚು ತಾಗಬೇಕು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಾವು ಕಣ್ಣೀರಿಟ್ಟು ಕೇಳುತ್ತೇವೆ. ಆ ಕಥೆಯಲ್ಲಿ ದನದ ಚರ್ಮವಿಲ್ಲ, ಸುಣ್ಣದ ಗುಂಡಿಯ ನಾತವಿಲ್ಲ. ಡೋಹರ ಕಕ್ಕಯ್ಯನವರ ಕಾಯಕ ಆ ಗುಂಡಿಯದೇ. ಅವರ ಹೆಸರನ್ನು ಸ್ಮರಿಸುವಾಗ ಗುಂಡಿಯನ್ನು ನೆನೆಯುವವರು ಎಷ್ಟು ಜನ? ಹಡಪದ ಅಪ್ಪಣ್ಣನವರನ್ನು ವೇದಿಕೆಯಲ್ಲಿ ಹೊಗಳಿ ಮನೆಗೆ ಬಂದು, ಕ್ಷೌರಿಕನನ್ನು ಹಿತ್ತಲ ಬಾಗಿಲಿಗೆ ಕರೆಸಿದ ಕಾಲವನ್ನು ನಾನೇ ಕಂಡಿದ್ದೇನೆ.

ಕಂಡದ್ದಷ್ಟೇ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಊರಿನಲ್ಲಿ ವೃದ್ಧ ಕ್ಷೌರಿಕರೊಬ್ಬರು ಸುಗ್ಗಿಯಲ್ಲಿ ಕೊಡುವ ಆಯದ ರಾಗಿಯ ಮೇಲೆ ಇಡೀ ವರ್ಷ ದುಡಿಯುತ್ತಿದ್ದರು. ಅವರ ಕತ್ತಿ ನಮ್ಮ ಜಗಲಿಗೆ ಬರಬಹುದಿತ್ತು, ಪಟ್ಟಿ ಬರುವಂತಿರಲಿಲ್ಲ. ಅದನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಅಲ್ಲಿ ಕತ್ತಿಯನ್ನು ಎಳೆದು, ಜಗಲಿಗೆ ಬಂದು ತಾತನ ಗಲ್ಲಕ್ಕೆ ಹಿಡಿಯುತ್ತಿದ್ದರು. ಪಟ್ಟಿಯನ್ನು ತಾಗಿದ ಕತ್ತಿ ತಾತನ ಗಲ್ಲವನ್ನು ತಾಗಬಹುದಾದರೆ ಪಟ್ಟಿಗೇಕೆ ಜಗಲಿ ನಿಷೇಧ ಎಂದು ಹತ್ತು ವರ್ಷದ ನಾನು ಕೇಳಿದ್ದುಂಟು. ಉತ್ತರದ ಬದಲು ಗದರಿಕೆ ಸಿಕ್ಕಿತು.

ಒಂದು ದಿನ ಅವರು ನೀರು ಕಾಯಿಸಿಕೊಳ್ಳಲು ಹೋದಾಗ ನಾನು ಕೊಟ್ಟಿಗೆಗೆ ನುಗ್ಗಿ ಕತ್ತಿಯನ್ನು ಎತ್ತಿಕೊಂಡೆ. ಅವರಂತೆಯೇ ವೇಗವಾಗಿ ಎಳೆದು, ತುದಿಯಲ್ಲಿ ಬಾಯಿಯ ಮೇಲೆ ಹೊರಳಿಸಿದೆ. ತೊಗಲು ಓರೆಯಾಗಿ ಸೀಳಿತು, ಅಂಚೂ ಕೆಟ್ಟಿತು. ಇಟ್ಟಲ್ಲೇ ಇಟ್ಟು ಓಡಿದೆ. ಸ್ವಲ್ಪ ಹೊತ್ತಿನಲ್ಲಿ ತಾತನ ಗಲ್ಲದಲ್ಲಿ ರಕ್ತ ಕಂಡಿತು. "ವಯಸ್ಸಾಯ್ತು ಕಣೋ ನಿನಗೆ, ಕೈ ನಡುಗುತ್ತೆ. ನಾಳೆಯಿಂದ ನಿನ್ನ ಮಗನನ್ನು ಕಳಿಸು" ಎಂದರು ತಾತ. ಅವರು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕೊಟ್ಟಿಗೆಯ ಕಡೆಗೆ ನೋಡಿದರು, "ಆಗಲಿ ಬುದ್ಧಿ" ಎಂದಷ್ಟೇ ಹೇಳಿದರು. ಕಂಬದ ಮರೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವರು ನಮ್ಮ ಮನೆಯ ಕೆಲಸಕ್ಕೆ ಬರಲೇ ಇಲ್ಲ.

ಹರಿತವಾಗಿರುವಷ್ಟು ಕಾಲ ಕತ್ತಿಯನ್ನು ಕಾದವನ ನೆನಪು ನಮಗೆ ಬರುವುದಿಲ್ಲ. ಗಾಯವಾದಾಗ ಮಾತ್ರ ಅವನ ಕೈಯನ್ನು ನೋಡುತ್ತೇವೆ. ನಾನು ಕೆಡಿಸಿದ ಅಂಚಿಗೆ ಅವರು ಬೆಲೆ ತೆತ್ತರು. ಪಟ್ಟಿಯನ್ನು ಕೊಟ್ಟಿಗೆಯಲ್ಲಿ ಇಡಿಸದೆ ಎಲ್ಲರ ಕಣ್ಣೆದುರು ಜಗಲಿಯಲ್ಲಿ ಇಟ್ಟಿದ್ದರೆ ನನ್ನ ಕೈ ಅಲ್ಲಿಗೆ ಹೋಗುತ್ತಿರಲಿಲ್ಲವೇನೋ. ಇದು ನನ್ನ ತಪ್ಪಿಗೆ ಸಮರ್ಥನೆಯಾಗದೆಂದು ಬಲ್ಲೆ.

ಆ ಪಟ್ಟಿಯ ಕಾಲ ಮುಗಿದುದಕ್ಕೆ ನಾನು ಮರುಗುವುದಿಲ್ಲ. ೧೯೮೬ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಯಾದ ಮೇಲೆ, ಹಲವರ ಗಲ್ಲಕ್ಕೆ ಒಂದೇ ಕತ್ತಿ ಹಿಡಿಯುವುದು ಸಲ್ಲದೆಂಬ ತಿಳಿವಳಿಕೆ ಕ್ರಮೇಣ ಹರಡಿತು. ಕತ್ತಿಯನ್ನು ಕುದಿಸಬಹುದು, ತೊಗಲನ್ನು ಕುದಿಸಲಾಗದು. ಒಬ್ಬರಿಗೊಂದು ಅರ್ಧ ಬ್ಲೇಡು ಬಂದದ್ದು ಒಳ್ಳೆಯದೇ ಆಯಿತು.

ಎರಡು ವರ್ಷಗಳ ಕೆಳಗೆ ಹುಣಸೂರಿನಲ್ಲಿ ಆ ಹಿರಿಯರ ಮಗನ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಅವರೂ ಈಗ ವೃದ್ಧರು. ಕೆಲಸವನ್ನು ಮೊಮ್ಮಗ ನೋಡಿಕೊಳ್ಳುತ್ತಾನೆ. ಕನ್ನಡಿಯ ಪಕ್ಕದ ಮೊಳೆಗೆ ಒಣಗಿ ಕಪ್ಪಾದ ಪಟ್ಟಿಯೊಂದು ತೂಗುತ್ತಿತ್ತು. ನಡುವೆ ಓರೆಯಾದ ಸೀಳು, ಅದರ ಮೇಲೆ ದಾರದ ಹೊಲಿಗೆ. ನಾನು ಬಂದ ಕಾರಣವನ್ನು ಹೇಳಿದೆ.

"ಗೊತ್ತು ಸ್ವಾಮಿ," ಎಂದರು ಅವರು. "ಚಿಕ್ಕಬುದ್ಧಿಯೋರು ಅಂತ ಅಪ್ಪ ಹೇಳಿದ್ದರು. ಮನೆಯಿಂದ ಹೊರಗೆ ಆಡಬೇಡ ಅಂತಲೂ ಹೇಳಿದ್ದರು."

ಅಷ್ಟರಲ್ಲಿ ಮೊಮ್ಮಗ ಕುರ್ಚಿಯನ್ನು ಒರೆಸಿ, ಹೊಸ ಬ್ಲೇಡಿನ ಕಾಗದವನ್ನು ಬಿಚ್ಚುತ್ತ, ಕುಳಿತುಕೊಳ್ಳಿ ಎಂದು ನನ್ನನ್ನು ಕರೆದ.